ಹದಿನೇಳನೇ ಮೂಗು

ಮನುಷ್ಯ ಒಳಚರಂಡಿಯ ಗುಂಡಿಗೆ ಇಳಿಯಬಾರದು ಎಂದು ಕಾನೂನು ಇತ್ತು. ಒಳ್ಳೆಯ ಕಾನೂನು. ಎರಡೇ ಸಾಲು, ಒಂದು ಉಸಿರಿಗೆ ಓದಿ ಮುಗಿಸಬಹುದಿತ್ತು. ಆಮೇಲೆ ಮೂಗು ಬಂತು. ಸ್ವಲ್ಪ ಕಾಲಕ್ಕೆ ಮೂಗಿನ ಬೆನ್ನು ಹತ್ತಿ ಮೂರನೇ ಸಾಲು ಬಂತು: ‘ಪ್ರಮಾಣಿತ ಘ್ರಾಣಯಂತ್ರವು ಹಸಿರು ತೋರಿಸಿದಲ್ಲಿ ಈ ನಿಷೇಧವು ಅನ್ವಯಿಸುವುದಿಲ್ಲ.’ ಆ ಮೂರನೇ ಸಾಲಿನ ತೂತಿನಿಂದ ದೊಡ್ಡಕೆರೆಪುರದ ಅರವತ್ತು ಜನ ಪೌರಕಾರ್ಮಿಕರು ದಿನಾ ಬೆಳಿಗ್ಗೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕೆಳಗಿಳಿಯುತ್ತಿದ್ದರು.

ಬಸ್ಸಿಗೆ ಡ್ರೈವರ್ ಬೇಡವಾಗಿದ್ದ ಕಾಲ ಅದು. ಔಷಧದ ಪೊಟ್ಟಣ ಆಕಾಶದಲ್ಲಿ ಹಾರಿಬಂದು ಮಹಡಿಯ ಮೇಲೆ ಕೂರುತ್ತಿತ್ತು. ಗುಂಡಿಗೆ ಮಾತ್ರ ಇನ್ನೂ ಮನುಷ್ಯನೇ ಬೇಕಾಗಿದ್ದ. ಯಾವ ಕೇರಿಯ ಮನುಷ್ಯ ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮೂಗೆಂದರೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಹದಿನಾರು ಬಿಲ್ಲೆಗಳು. ಒಂದೊಂದು ಗಾಳಿಗೆ ಒಂದೊಂದು ಬಿಲ್ಲೆ ಮಿಡುಕುತ್ತದೆ. ಆ ಮಿಡುಕಾಟವನ್ನೆಲ್ಲ ಕೂಡಿಸಿ, ಕೆಳಗಿರುವುದು ಬರೀ ಕೊಳಕೋ ಕೊಲ್ಲುವ ವಿಷವೋ ಎಂದು ಹೇಳಲು ಬೆಂಕಿಪೊಟ್ಟಣದಷ್ಟು ಒಂದು ಕಂಪ್ಯೂಟರು, ಅದನ್ನು ನಡೆಸಲು ಒಳಗೆ ಲಿನಕ್ಸ್. ಮೂಗು ಹಸಿರಾದರೆ ಹಗ್ಗದ ರಾಟೆ ಬಿಚ್ಚಿಕೊಳ್ಳುತ್ತದೆ, ಆಳು ಇಳಿಯುತ್ತಾನೆ. ಹಸಿರು ಹೋದರೆ ರಾಟೆ ಕಚ್ಚಿಕೊಳ್ಳುತ್ತದೆ; ಹಗ್ಗವನ್ನು ಮೇಲಕ್ಕೆ ಎಳೆಯಬಹುದು, ಕೆಳಕ್ಕೆ ಬಿಡುವುದಿಲ್ಲ. ಇಂಥ ಇಪ್ಪತ್ತನಾಲ್ಕು ಮೂಗುಗಳು ಊರಲ್ಲಿದ್ದವು. ಅವುಗಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದವಳು ಕದಿರಮ್ಮ.

ಕದಿರಮ್ಮ ಇಂಜಿನಿಯರ್ ಅಲ್ಲ. ಹತ್ತು ವರ್ಷ ಬೀದಿ ಗುಡಿಸಿದವಳು. ಪೌರಕಾರ್ಮಿಕರ ಸಂಘದ ಓದುಬಳಗಕ್ಕೆ ಭಾನುವಾರ ಭಾನುವಾರ ಹೋಗಿ, ಮೊದಲು ಕಾನೂನಿನ ಪುಸ್ತಕ ಓದಿ, ಆಮೇಲೆ ಜಬ್ಬಾರ್ ಮೇಷ್ಟ್ರ ಕೈಯಲ್ಲಿ ಕಂಪ್ಯೂಟರ್ ಕಲಿತವಳು. ಮೇಷ್ಟ್ರು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿದ್ದು ನಿವೃತ್ತರಾದವರು. ಮೊದಲ ಮೂಗನ್ನು ಬೆಸುಗೆ ಹಾಕಿ ನಿಲ್ಲಿಸಿದ ಮೂರು ಜನರಲ್ಲಿ ಒಬ್ಬರು. ತಾಲ್ಲೂಕು ಕಚೇರಿ ಗುಜರಿಗೆ ಹಾಕಿದ್ದ ಮೂರು ಕಂಪ್ಯೂಟರುಗಳನ್ನು ಸಂಘದ ಹಿಂದಿನ ಕೋಣೆಗೆ ತಂದು, ಲಿನಕ್ಸ್ ತುಂಬಿಸಿ, “ಇದರ ಹೊಟ್ಟೆ ಬಗೆದು ನೋಡೋ ಹಕ್ಕು ನಿನಗಿದೆಯಮ್ಮ. ಬೇರೆಯವರ ಯಂತ್ರದಲ್ಲಿ ಅದಿಲ್ಲ” ಎಂದಿದ್ದರು. ಆ ಮಾತು ಕದಿರಮ್ಮನಿಗೆ ಹಿಡಿಸಿತ್ತು. ಹೊಟ್ಟೆ ಬಗೆಯುತ್ತಲೇ ಇದ್ದಳು. ಬಗೆದಷ್ಟೂ ತಲೆನೋವು.

ಓದುಬಳಗಕ್ಕೆ ಒಂದೇ ನಿಯಮ. ಯಾವುದೇ ಕಾಗದವನ್ನು ಗಟ್ಟಿಯಾಗಿ, ಕೊನೆಯ ಸಾಲಿನವರೆಗೆ ಓದಬೇಕು. ಆ ಮೂರನೇ ಸಾಲು ಬಂದ ವರ್ಷ ಸಂಘದವರು ಮೊದಲೆರಡು ಸಾಲು ಓದಿ ಚಪ್ಪಾಳೆ ತಟ್ಟಿ ಮನೆಗೆ ಹೋಗಿದ್ದರಂತೆ. ಅಂದಿನಿಂದ ಈ ನಿಯಮ.

ಆಯುಧಪೂಜೆಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ನಗರಸಭೆಯ ಕಂಟ್ರೋಲ್ ರೂಮಿನಿಂದ ಆದೇಶ ಬಂತು. ಹಬ್ಬದ ರಜೆ ಕಳೆದ ಮೊದಲ ದಿನದಿಂದ ಸರ್ವರು ಐದನೇ ಆವೃತ್ತಿಯ ಮೂಗನ್ನು ಮಾತ್ರ ಒಪ್ಪುತ್ತದೆ. ನಾಲ್ಕನೇ ಆವೃತ್ತಿಯ ಮೂಗು ಹಿಡಿದವರಿಗೆ ಅಂದು ಹಾಜರಿ ಇಲ್ಲ.

“ನಾಲ್ಕಕ್ಕೇನಾಗಿತ್ತು ರೋಗ?” ಎಂದು ಕದಿರಮ್ಮ ಗೋಡೆಯನ್ನು ಕೇಳಿದಳು. ಗೋಡೆ ಎಂದಿನಂತೆ ಸುಮ್ಮನಿತ್ತು.

ಐದನ್ನು ಹಾಕಲು ಹೋದರೆ ಅದಕ್ಕೊಂದು ಹೊಸ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಗಂಟು, ಬೇಕಂತೆ. ಆ ಲೈಬ್ರರಿ ಈ ಹಳೆಯ ಲಿನಕ್ಸಿನಲ್ಲಿ ಕೂರುವುದಿಲ್ಲವಂತೆ. ಸರಿ, ಲಿನಕ್ಸನ್ನೇ ಹೊಸದು ಮಾಡಿದಳು. ಹೊಸ ಲಿನಕ್ಸ್ ಕಣ್ಣುಬಿಟ್ಟ ಕೂಡಲೇ ಹದಿನಾರು ಬಿಲ್ಲೆಗಳನ್ನು ಗುರುತೇ ಹಿಡಿಯಲಿಲ್ಲ; ಯಾರಿವರು ಎಂಬಂತೆ ಮುಖ ತಿರುಗಿಸಿತು. ಬಿಲ್ಲೆಗಳನ್ನು ಗುರುತಿಸುವ ಡ್ರೈವರು ಹಳೆಯದು. ಅದನ್ನು ಹೊಸದರಲ್ಲಿ ಕಟ್ಟಲು ಹೋದರೆ ಪರದೆಯ ತುಂಬ ಕೆಂಪು ಸಾಲು, ಮುನ್ನೂರ ಹನ್ನೆರಡು ತಪ್ಪು. ಒಂದು ತಪ್ಪು ತಿದ್ದಿದರೆ ಮುನ್ನೂರ ನಲವತ್ತು.

ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಯಾವನೋ ಪುಣ್ಯಾತ್ಮ ಆರು ವರ್ಷದ ಹಿಂದೆ ಇವಳ ಪ್ರಶ್ನೆಯನ್ನೇ, ಇದೇ ಬಿಲ್ಲೆ, ಇದೇ ತಪ್ಪು ಎಂದು ಅಕ್ಷರಕ್ಕಕ್ಷರ ಕೇಳಿದ್ದ. ಕೆಳಗೆ ಅವನೇ ಉತ್ತರ ಬರೆದುಕೊಂಡಿದ್ದ: ‘ಸರಿಹೋಯಿತು, ಎಲ್ಲರಿಗೂ ಧನ್ಯವಾದ.’ ಹೇಗೆ ಸರಿಹೋಯಿತು ಎಂದು ಒಂದಕ್ಷರವಿಲ್ಲ. ಅದರ ಕೆಳಗೆ ಇನ್ನೊಬ್ಬ: ‘ನನ್ನಲ್ಲಿ ಕೆಲಸ ಮಾಡುತ್ತಿದೆ.’

“ನಿನ್ನಲ್ಲಿ ಕೆಲಸ ಮಾಡಿದ್ರೆ ನಾನೇನ್ ಹಾರ ಹಾಕ್ಲೇನಯ್ಯ!” ಎಂದು ಕದಿರಮ್ಮ ಕಿರುಚಿದಳು.

ಕಿರುಚಿದ್ದು ಮನೆಯಲ್ಲಿ. ಆಗಲೇ ಗಂಡ ಓಬಳೇಶ ಕೆಲಸ ಮುಗಿಸಿ, ಹಿತ್ತಿಲಲ್ಲಿ ಎರಡು ಸಲ ಸೋಪು ಹಾಕಿ ಮಿಂದು, ಕೂದಲು ಒರೆಸಿಕೊಳ್ಳುತ್ತ ಒಳಗೆ ಬಂದ. ರಾಗಿಹಿಟ್ಟಿನ ಡಬ್ಬ ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಹೆಂಡತಿಯನ್ನು ನೋಡಿದ.

“ಮುದ್ದೆ ಎಲ್ಲೇ?”

“ಹಿಟ್ಟು ಇದರ ಕೆಳಗೈತೆ.”

“ಎತ್ತು ಮತ್ತೆ.”

“ಎತ್ತಿದ್ರೆ ವೈಫೈ ಸಿಗಲ್ಲ. ಅಳತೆ ಮಾಡಿ ಇಟ್ಟಿವ್ನಿ.”

ಓಬಳೇಶ ಬಗ್ಗಿ ಪರದೆ ನೋಡಿದ. ಮೂಲೆಯಲ್ಲಿ ಲಿನಕ್ಸಿನ ಗುರುತಾದ ಪೆಂಗ್ವಿನ್ ಹೊಟ್ಟೆ ಬಿಟ್ಟುಕೊಂಡು ಕೂತಿತ್ತು. ಕೇರಿಯಲ್ಲಿ ಅದಕ್ಕೆ ಎಲ್ಲರೂ ಬಾತುಕೋಳಿ ಎನ್ನುತ್ತಿದ್ದರು. ಪ್ರತಿ ಮೂಗಿನ ಮುಚ್ಚಳದ ಮೇಲೂ ಅದರ ಚೀಟಿ ಅಂಟಿತ್ತು.

“ನೋಡು ಹೆಂಗ್ ಕೂತೈತೆ, ನಮ್ ಮೇಸ್ತ್ರಿ ಕೂತಂಗೆ. ಕದಿರಿ, ನೀನು ನನ್ನ ಬಿಟ್ಟು ಈ ಬಾತುಕೋಳಿನ ಕಟ್ಕೊಂಡಿದ್ರೆ ಸುಖವಾಗಿರ್ತಿದ್ದೆ.”

“ಸುಮ್ನಿರಯ್ಯ. ನೀನು ಹೇಳಿದ ಮಾತು ಒಂದೂ ಕೇಳಲ್ಲ. ಇದು ಹೇಳಿದ್ದನ್ನ ಹೇಳಿದಂಗೇ ಮಾಡ್ತದೆ. ಇಬ್ಬರಿಂದಲೂ ತೊಂದ್ರೆನೇ.”

ಓಬಳೇಶ ನಕ್ಕು, ಲ್ಯಾಪ್‌ಟಾಪನ್ನು ಒಂದು ಕೈಯಲ್ಲಿ ಅದೇ ಎತ್ತರಕ್ಕೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಡಬ್ಬ ಎಳೆದು ಹಿಟ್ಟು ತೆಗೆದ. ಅವತ್ತು ಮುದ್ದೆ ಅವನೇ ತಿರುವಿದ. ಗಂಟುಗಂಟಾಗಿತ್ತು. ಇಬ್ಬರೂ ಹಾಗೇ ನುಂಗಿದರು.

ಮೂರನೆಯ ದಿನ ದಾರಿ ಸಿಕ್ಕಿತು. ಹೊಸ ಲಿನಕ್ಸಿನ ಒಳಗೇ ಒಂದು ಪುಟ್ಟ ಗೋಡೆ ಕಟ್ಟಿ, ಆ ಗೋಡೆಯೊಳಗೆ ಹಳೆಯ ಡ್ರೈವರು, ಹಳೆಯ ಲೈಬ್ರರಿ ಎಲ್ಲವನ್ನೂ ಇದ್ದ ಹಾಗೇ ಇಟ್ಟಳು. ಹೊಸ ಮನೆ ಕಟ್ಟಿ ಹಳೆಯ ಅಡುಗೆಮನೆಯನ್ನು ಒಲೆಸಮೇತ ಎತ್ತಿ ಒಳಗಿಟ್ಟ ಹಾಗೆ. ಹಳೆಯ ಒಲೆಯ ಮೇಲೆ ಬೆಂದದ್ದನ್ನು ಹೊಸ ತಟ್ಟೆಗೆ ಬಡಿಸಲು ನಡುವೆ ಒಂದು ತೇಪೆ. ಹದಿನೇಳನೇ ಮೂಗಿನ ಮೇಲೆ ಪರೀಕ್ಷೆ ಮಾಡಿದಳು. ಹದಿನೇಳು ಓಬಳೇಶನ ಗ್ಯಾಂಗಿನದು. ಕೆಟ್ಟರೆ ಬೈಯುವವನು ತನ್ನ ಗಂಡನೇ ಎಂಬ ಲೆಕ್ಕ. ಬಿಲ್ಲೆಗಳು ಮಿಡುಕಿದವು. ಅಂಕಿಗಳು ಬಂದವು. ಪರೀಕ್ಷೆಯ ಕಸವನ್ನೆಲ್ಲ ಅಳಿಸಿ, ಹದಿನೇಳಕ್ಕೆ ಮತ್ತೊಮ್ಮೆ ಮೊದಲಿನಿಂದ ಹೊಸದಾಗಿ ತುಂಬಿಸಿ, ಮಿಕ್ಕ ಇಪ್ಪತ್ತಮೂರಕ್ಕೂ ಅದನ್ನೇ ತುಂಬಿಸಿ, ಎಲ್ಲವನ್ನೂ ಆರಿಸಿ ಸಾಲಾಗಿ ಜೋಡಿಸಿಟ್ಟಾಗ ಹಬ್ಬದ ದಿನದ ಬೆಳಗು.

ನಗರಸಭೆ ಕಳಿಸಿದ ಐದನೇ ಆವೃತ್ತಿಯ ಜೊತೆ ಒಂದು ಬದಲಾವಣೆಯ ಪಟ್ಟಿ ಬಂದಿತ್ತು, ನಲವತ್ತೊಂದು ಸಾಲು. ಕದಿರಮ್ಮ ಲೈಬ್ರರಿಯ ವಿಷಯ ಬರುವ ಹದಿನೆಂಟನೇ ಸಾಲಿನವರೆಗೆ ಓದಿದ್ದಳು. ಅಲ್ಲಿಂದ ಯುದ್ಧ ಶುರುವಾಗಿತ್ತು. ಯುದ್ಧ ಮುಗಿದ ಮೇಲೆ ಹತ್ತೊಂಬತ್ತನೇ ಸಾಲಿಗೆ ವಾಪಸ್ಸು ಹೋಗುವುದು ನೆನಪಾಗಲಿಲ್ಲ.

ಸಂಘದ ಹಾಲಿನಲ್ಲಿ ಬೆಂಚಿಗೆ ಬಾಳೆಕಂದು ಕಟ್ಟಿ ಇಪ್ಪತ್ತನಾಲ್ಕು ಮೂಗುಗಳನ್ನು ಇಟ್ಟಿದ್ದರು. ಪಕ್ಕದಲ್ಲಿ ಗುದ್ದಲಿ, ಹಾರೆ, ರಾಟೆ, ಪೊರಕೆ. ಹೆಂಗಸರು ಚೆಂಡುಹೂವಿನ ಸರ ಹಾಕಿದರು. ಓಬಳೇಶ ಹದಿನೇಳರ ಬಾತುಕೋಳಿಗೆ ಕುಂಕುಮ ಇಟ್ಟ. ಕದಿರಮ್ಮ ಕರ್ಪೂರ ಹಚ್ಚಲು ಹೋದಾಗ ಅವನು ಕೈ ಅಡ್ಡ ಹಿಡಿದ.

“ತಡಿಯೇ, ಆನ್ ಮಾಡು ಮೊದ್ಲು. ಲಾರಿ ಪೂಜೆ ಮಾಡೋರು ಇಂಜಿನ್ ಶುರು ಮಾಡಿ ತಾನೆ ಮಾಡೋದು? ಸತ್ತಂಗೆ ಬಿದ್ದಿರೋದಕ್ಕೆ ಆರತಿ ಎತ್ತುತಾರಾ?”

ಮಾತು ಸರಿ ಎನಿಸಿತು. ಪ್ರತಿ ವರ್ಷ ಹಾಗೇ ಮಾಡುತ್ತಿದ್ದರು. ಒಂದೊಂದನ್ನೂ ಒತ್ತಿ ಎಬ್ಬಿಸಿದಳು. ಯಾರೋ ಸಾಂಬ್ರಾಣಿ ಹಾಕಿದರು. ಹಿಡಿಗಟ್ಟಲೆ ಊದುಬತ್ತಿ ಹೊತ್ತಿತು. ಕರ್ಪೂರದ ಉರಿ ಎದ್ದಿತು. ಇಡೀ ಹಾಲ್ ಹೊಗೆಯಿಂದ ತುಂಬಿತು. ಉಬ್ಬಸದ ಜಬ್ಬಾರ್ ಮೇಷ್ಟ್ರು ಕೆಮ್ಮುತ್ತ, “ನಾನು ಆಚೆ ಕೂತಿರ್ತೀನಮ್ಮ, ಚರುಪು ಅಲ್ಲಿಗೇ ಕಳಿಸು” ಎಂದು ಎದ್ದು ಹೋದರು.

ಆ ಹೊಗೆಯೊಳಗೆ ಇಪ್ಪತ್ತನಾಲ್ಕು ಮೂಗುಗಳೂ ನೀಲಿ ಬೆಳಕು ಮಿಟುಕಿಸತೊಡಗಿದವು. ನಾಲ್ಕನೇ ಆವೃತ್ತಿಯಲ್ಲಿ ನೀಲಿ ಇರಲಿಲ್ಲ. ಚೆಂಡುಹೂವಿನ ನಡುವೆ ನೀಲಿ ಬಲು ಚಂದ ಕಂಡಿತು. ಮಕ್ಕಳು ಕೂಗಿಕೊಂಡರು. ಒಂದು ನಿಮಿಷದ ಮೇಲೆ ಒಂದಾದ ಮೇಲೊಂದು ಹಸಿರಾದವು, ಇಪ್ಪತ್ತನಾಲ್ಕೂ. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ನಾಲ್ಕು ದಿನ ಮುನ್ನೂರ ಹನ್ನೆರಡು ತಪ್ಪುಗಳ ಜೊತೆ ಗುದ್ದಾಡಿದ ಕದಿರಮ್ಮನ ಕಣ್ಣು ತುಂಬಿತು. ಹೊಗೆಗೆ ಎಂದುಕೊಂಡು ಸೆರಗಿನಿಂದ ಒರೆಸಿಕೊಂಡಳು.

ರಜೆ ಕಳೆದ ಮೊದಲ ದಿನ, ಬೆಳಿಗ್ಗೆ ಒಂಬತ್ತೂವರೆಗೆ ಕದಿರಮ್ಮ ಕಂಟ್ರೋಲ್ ರೂಮಿನಲ್ಲಿದ್ದಳು. ಎಲ್ಲ ಮೂಗುಗಳೂ ಐದಕ್ಕೆ ಏರಿವೆ ಎಂದು ಸಹಿ ಹಾಕಲು ಕರೆದಿದ್ದರು. ನಗರಸಭೆಯ ಎರಡನೇ ಮಹಡಿ, ತಣ್ಣನೆ ಗಾಳಿ, ಗೋಡೆ ತುಂಬ ಪರದೆ. ಪರದೆಯಲ್ಲಿ ಊರಿನ ನಕ್ಷೆ, ನಕ್ಷೆಯ ಮೇಲೆ ಇಪ್ಪತ್ತನಾಲ್ಕು ಹಸಿರು ಚುಕ್ಕಿ. ಸಹಾಯಕ ಇಂಜಿನಿಯರ್ ಸುಮುಖ್ ಕುರ್ಚಿ ತಿರುಗಿಸಿಕೊಂಡು ಕೂತಿದ್ದ. ಕಿಟಕಿಯಿಂದ ಕೆಳಗೆ ನೋಡಿದರೆ ಹುಣಸೆಮರದಡಿ ಜೆಟ್ಟಿಂಗ್ ಗಾಡಿ ಕಾಣುತ್ತಿತ್ತು. ಗುಂಡಿಯನ್ನು ತಾನೇ ಹೀರಿ ಶುದ್ಧ ಮಾಡುವ ಗಾಡಿ. ಮೂಗು ಬಂದ ಮೇಲೆ ಅದಕ್ಕೆ ಡೀಸೆಲ್ಲೂ ಇಲ್ಲ, ಡ್ರೈವರೂ ಇಲ್ಲ. ಮೇಲೆ ಹುಣಸೆ ಎಲೆ ಉದುರಿ ಗೊಬ್ಬರವಾಗಿತ್ತು.

“ಬೇಗ ಸಹಿ ಹಾಕಮ್ಮ. ಎಲ್ಲಾ ರೂಲ್ಸ್ ಪ್ರಕಾರ ಆಗಿದೆ, ನೋಡು ಎಷ್ಟು ಕ್ಲೀನಾಗಿದೆ.”

ಅಷ್ಟರಲ್ಲಿ ಕದಿರಮ್ಮನ ಫೋನು ಬಡಿದುಕೊಂಡಿತು. ಓಬಳೇಶ.

“ಕದಿರಿ, ಬಸ್‌ಸ್ಟ್ಯಾಂಡ್ ಹಿಂದಲ ದೊಡ್ಡ ಗುಂಡಿ ತಾವ ಇವ್ನಿ. ಮುಚ್ಚಳ ತೆಗೆದು ಆಗಲೇ ಹೊತ್ತಾಯ್ತು. ಒಂದೇ ಒಂದು ಜಿರಲೆ ಈಚೆಗೆ ಬಂದಿಲ್ಲ ಕಣೇ.”

ಇದು ಅವನ ಅಪ್ಪನಿಂದ ಬಂದ ಪಾಠ. ಮುಚ್ಚಳ ಎತ್ತಿ ನೂರು ಎಣಿಸು. ಜಿರಲೆ ಬುದುಬುದು ಎದ್ದು ಬಂದರೆ ಒಳಗೆ ಉಸಿರಿದೆ ಎಂದರ್ಥ. ಬಾರದಿದ್ದರೆ ಜಿರಲೆಯೂ ಬದುಕದ ಗಾಳಿ ಅಲ್ಲಿದೆ. ಮೂಗು ಬಂದ ಮೇಲೂ ಅವನು ಎಣಿಸುವುದು ಬಿಟ್ಟಿರಲಿಲ್ಲ. ಮೇಸ್ತ್ರಿ ‘ಜಿರಲೆ ಇಂಜಿನಿಯರ್’ ಎಂದು ರೇಗಿಸುತ್ತಿದ್ದ.

“ಮೂಗೇನಂತದೆ?”

“ಹಸಿರೋ ಹಸಿರು. ಮೇಸ್ತ್ರಿ ಇಳಿ ಇಳಿ ಅಂತವ್ನೆ.”

ನಾಲ್ಕು ದಿನದ ನಿದ್ದೆ ಬಾಕಿ ಇತ್ತು. ಮುನ್ನೂರ ಹನ್ನೆರಡು ತಪ್ಪುಗಳ ಉರಿ ಇನ್ನೂ ಆರಿರಲಿಲ್ಲ. “ಅಲ್ಲಯ್ಯ, ನಾನು ಒಂದೊಂದು ಬಿಲ್ಲೆನೂ ನೋಡಿ ಕೂರಿಸಿವ್ನಿ. ಇನ್ನೂ ಜಿರಲೆ ಎಣಿಸ್ಕೊಂಡು ಕೂತಿದ್ದೀಯಲ್ಲ, ನಿನಗೆ ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?”

“ನೀನು ಹೇಳಿದ ಮೇಲೆ ಮುಗೀತು ಬಿಡು. ಇಳೀತೀನಿ. ಫೋನು ಅಂಗಿಲಿಟ್ಟು ಅಂಗಿ ಮೇಲಿಡ್ತೀನಿ, ಮತ್ತೆ ಮಾಡಬೇಡ.” ಫೋನು ಕಟ್ಟಾಯಿತು.

ಕದಿರಮ್ಮ ಪೆನ್ನು ತೆಗೆದುಕೊಂಡಳು. ಕಾಗದದ ಮೇಲೆ ಇಟ್ಟಳು. ಸಹಿ ಹಾಕುವ ಮೊದಲು, ತನ್ನದೇ ಸಮಾಧಾನಕ್ಕೆ, ಕೇಳಿದಳು: “ಸಾರ್, ಹದಿನೇಳನ್ನ ಒಂದ್ಸಲ ಬಿಚ್ಚಿ ತೋರಿಸಿ.”

ಸುಮುಖ್ ನಿಟ್ಟುಸಿರುಬಿಟ್ಟು ಹದಿನೇಳರ ಚುಕ್ಕಿಯನ್ನು ಒತ್ತಿದ. ಹದಿನಾರು ಬಿಲ್ಲೆಗಳ ಹದಿನಾರು ಗೆರೆಗಳು ಅಲುಗದೆ ಮಲಗಿದ್ದವು. ಚರಂಡಿಯ ಬಾಯಲ್ಲಿರುವ ಮೂಗಿನ ಗೆರೆ ಇಷ್ಟು ಚಪ್ಪಟೆ ಇರುತ್ತದೆಯೇ? ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಹೊಸ ಸಾಲಿತ್ತು: ‘ಶುದ್ಧ ಗಾಳಿಯ ಅಳತೆ: ತಾನಾಗಿ ತೆಗೆದುಕೊಂಡದ್ದು.’ ಪಕ್ಕದಲ್ಲಿ ತಾರೀಖು, ಗಂಟೆ. ಹಬ್ಬದ ದಿನ. ಬೆಳಿಗ್ಗೆ ಹನ್ನೊಂದು ಇಪ್ಪತ್ತು.

ಹನ್ನೊಂದು ಇಪ್ಪತ್ತಕ್ಕೆ ಅವಳ ಕೈಯಲ್ಲಿ ಕರ್ಪೂರದ ತಟ್ಟೆ ಇತ್ತು.

ನಾಲ್ಕನೇ ಆವೃತ್ತಿಯ ಮೂಗಿಗೆ ಶುದ್ಧ ಗಾಳಿ ಯಾವುದೆಂದು ಮನುಷ್ಯರೇ ಹೇಳಿಕೊಡಬೇಕಿತ್ತು. ಬೆಟ್ಟದ ಮೇಲೊಯ್ದು, ಕೈಯಾರೆ ಸೊನ್ನೆ ಹಾಕಿ, ಇದಕ್ಕಿಂತ ಹೆಚ್ಚಾದದ್ದೆಲ್ಲ ಕೊಳಕು ಎಂದು ಕಲಿಸಬೇಕಿತ್ತು. ಐದು ಬಲು ಜಾಣ. ಹುಟ್ಟಿದ ಮೇಲೆ ಮೊದಲ ಸಲ ಉಸಿರೆಳೆದ ಗಾಳಿಯನ್ನೇ ಶುದ್ಧ ಎಂದು ನಂಬುತ್ತದೆ. ಆ ನೀಲಿ ಮಿಟುಕು ಅದರ ಮೊದಲ ಉಸಿರು. ಮೊದಲ ಉಸಿರಿಗೇ ಸಾಂಬ್ರಾಣಿ, ಊದುಬತ್ತಿ, ಕರ್ಪೂರದ ಹೊಗೆ. ಇನ್ನು ಅದಕ್ಕೆ ಚರಂಡಿಯ ವಿಷವೂ ಒಂದು ಸುವಾಸನೆಯೇ.

ಫೋನು ಮಾಡಿದಳು. ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಮೇಸ್ತ್ರಿಗೆ ಮಾಡಿದಳು. ಬಿಜಿ.

“ಸಾರ್, ಕೆಂಪು ಮಾಡಿ! ಎಲ್ಲಾದನ್ನೂ ಕೆಂಪು ಮಾಡಿ! ಮೂಗು ಸುಳ್ಳು ಹೇಳ್ತಾವೆ!”

“ಏನಮ್ಮಾ ಹಾಗಂದ್ರೆ? ಸಿಸ್ಟಮ್ ಗ್ರೀನ್ ತೋರಿಸ್ತಿದೆಯಲ್ಲ.”

“ಅದಕ್ಕೇ ಹೇಳ್ತಿರೋದು! ಕೈಯಲ್ಲಿ ಕೆಂಪು ಮಾಡೋ ಬಟನ್ ಎಲ್ಲಿ?”

“ಫೈವಲ್ಲಿ ಅದನ್ನ ತೆಗೆದಿದ್ದಾರೆ. ಸುಮ್‌ಸುಮ್ನೆ ಕೆಲಸ ನಿಲ್ಲಿಸ್ತಾರೆ ಅಂತ ಕಂಪ್ಲೇಂಟ್ ಇತ್ತು. ನೀನು ಒಂದು ದೂರಿನ ಟಿಕೆಟ್ ಹಾಕು, ನಾಳೆ ಒಳಗೆ—”

“ನಾಳೆ?” ಎಂದಳು ಕದಿರಮ್ಮ. ಅವಳ ದನಿ ಬದಲಾಗಿತ್ತು. “ನಾಳೆ ನಿಮ್ಮ ಟಿಕೆಟ್ಟಿಗೆ ಹೂವ ಹಾಕ್ತೀನಿ, ನನ್ನ ಗಂಡನ ಫೋಟೋ ಪಕ್ಕ.”

ಲ್ಯಾಪ್‌ಟಾಪ್ ಬಿಚ್ಚಿದಳು. ಮೂಗುಗಳಿಗೆ ದೂರದಿಂದಲೇ ಹೊಕ್ಕುಬರುವ ಸಂಘದ ಬೀಗದ ಕೈ ಅದರಲ್ಲೇ ಇತ್ತು. ಕೆಂಪು ಮಾಡಲಾಗದು. ಆದರೆ ಸಾಯಿಸಬಹುದು. ಸತ್ತ ಮೂಗಿಗೆ ಹಸಿರಿಲ್ಲ, ಹಸಿರಿಲ್ಲದಿದ್ದರೆ ರಾಟೆ ಬಿಡುವುದಿಲ್ಲ. ಒಂದೇ ಸಾಲು ಬರೆದಳು: ಒಂದರಿಂದ ಇಪ್ಪತ್ತನಾಲ್ಕರವರೆಗೆ ಪ್ರತಿಯೊಂದರ ಒಳಹೊಕ್ಕು ಆರಿಸಿ ಬಾ. ಒತ್ತಿದಳು.

ಗೋಡೆಯ ಮೇಲೆ ಚುಕ್ಕಿಗಳು ಬೂದಿಯಾಗತೊಡಗಿದವು. ಒಂದು. ಎರಡು. ಐದು. “ಏಯ್, ಏನ್ ಮಾಡ್ತಿದ್ದೀಯ! ಲೈವ್ ಸಿಸ್ಟಮ್ ಅದು!” ಎಂದು ಸುಮುಖ್ ಎದ್ದು ನಿಂತ. ಹನ್ನೆರಡು. ಹದಿನಾರು. ಹದಿನೆಂಟು, ಹತ್ತೊಂಬತ್ತು...

ಹದಿನೇಳು ಹಸಿರಾಗಿಯೇ ಇತ್ತು.

ಲ್ಯಾಪ್‌ಟಾಪಿನ ಮೇಲೆ ದಪ್ಪಕ್ಷರದ ಎಚ್ಚರಿಕೆ: ಈ ಯಂತ್ರದ ಗುರುತು ಬದಲಾಗಿದೆ. ಯಾರೋ ಮೋಸ ಮಾಡುತ್ತಿರಬಹುದು. ಒಳಗೆ ಬಿಡುವುದಿಲ್ಲ. ಹೌದು, ಹದಿನೇಳನ್ನು ಅವಳು ಎರಡು ಸಲ ತುಂಬಿಸಿದ್ದಳು, ಪರೀಕ್ಷೆಗೊಮ್ಮೆ, ಅಳಿಸಿ ಇನ್ನೊಮ್ಮೆ. ಲ್ಯಾಪ್‌ಟಾಪಿನ ನೆನಪಿನಲ್ಲಿ ಇದ್ದದ್ದು ಮೊದಲನೇ ಸಲದ ಗುರುತು. ಈಗಿನ ಹದಿನೇಳು ಅದಕ್ಕೆ ಅಪರಿಚಿತ.

“ಅಯ್ಯೋ ನಿನ್ನ ಮನೆ ಹಾಳಾಗ! ನಾನೇ ಕಣೋ! ನಾನೇ ಮಾಡಿದ್ದು ಅದನ್ನ!”

ಹಳೆಯ ಗುರುತನ್ನು ಅಳಿಸಿದಳು. ಬೆರಳು ಎರಡು ಸಲ ತಪ್ಪಿತು. ಮತ್ತೆ ಬಾಗಿಲು ಬಡಿದಳು. ಈಗ ಅದು ಸೌಮ್ಯವಾಗಿ ಕೇಳಿತು: ಇದು ಹೊಸ ಯಂತ್ರ, ನಂಬಲೇ? ಹೌದೆನ್ನಲು ಮೊದಲಕ್ಷರ ಒತ್ತಿದಳು. ಅದಕ್ಕೆ ಸಾಲದು. ದಯವಿಟ್ಟು ಪೂರ್ತಿ ಪದ ಬರೆಯಿರಿ ಎಂದಿತು. ಜೀವ ಹೋಗುವ ಹೊತ್ತಿನಲ್ಲೂ ದಯವಿಟ್ಟು. ಇಂಗ್ಲಿಷಿನ ‘ಯೆಸ್’ನ ಮೂರು ಅಕ್ಷರಗಳನ್ನೂ ಒಂದೊಂದಾಗಿ ಒತ್ತಿದಳು, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ. ಬಾಗಿಲು ತೆರೆಯಿತು. ಆರಿಸಿದಳು.

ಚುಕ್ಕಿ ಹಸಿರಾಗಿತ್ತು. ಇನ್ನೂ ಹಸಿರಾಗಿತ್ತು. ಆಮೇಲೆ ಬೂದಿಯಾಯಿತು.

ಕದಿರಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಎಷ್ಟು ಹೊತ್ತೋ. ಸುಮುಖ್ ಏನೋ ಹೇಳುತ್ತಿದ್ದ, ಮೇಲಧಿಕಾರಿ, ವರದಿ, ಶಿಸ್ತು. ಕಡೆಗೆ ಫೋನು ಬಡಿದುಕೊಂಡಿತು.

“ಕದಿರಿ...” ದನಿ ಎಲ್ಲೋ ಹಳ್ಳದಿಂದ ಬಂದಂತಿತ್ತು. “ನಿನ್ ಬಾತುಕೋಳಿ ಸತ್ತೋಯ್ತಲ್ಲೇ. ಎದೆಮಟ್ಟ ಇಳಿದಿದ್ದೆ, ರಾಟೆ ಕಚ್ಕೊಂಡು ನಿಂತ್‌ಬಿಡ್ತು. ಹುಡುಗ್ರು ಎಳೆದು ಹಾಕಿದ್ರು. ತಲೆ ಅನ್ನೋದು ಗಿರ್ರ್ ಅಂತೈತೆ. ವಾಂತಿ ಆಯ್ತು.”

“ಅಲ್ಲೇ ಕೂತ್ಕೊ. ಅಲ್ಲಾಡಬೇಡ. ಗಾಳಿಗೆ ಮುಖ ಕೊಡು.”

“ಇನ್ನೂ ಜಿರಲೆ ಬಂದಿಲ್ಲ ಕಣೇ” ಎಂದ ಓಬಳೇಶ.

ಕದಿರಮ್ಮ ಸಹಿ ಹಾಕದ ಕಾಗದವನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು.

ಮಧ್ಯಾಹ್ನ ಇಪ್ಪತ್ತನಾಲ್ಕು ಮೂಗುಗಳೂ ಸಂಘದ ಬೆಂಚಿಗೆ ವಾಪಸ್ಸು ಬಂದಿದ್ದವು. ಬಾಡಿದ ಬಾಳೆಕಂದು ಹಾಗೇ ಇತ್ತು. ಓಬಳೇಶ ಆಸ್ಪತ್ರೆಯಿಂದ ಬಂದು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಗೋಡೆಗೊರಗಿ ಕೂತಿದ್ದ. ಜಬ್ಬಾರ್ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬದಲಾವಣೆಯ ಪಟ್ಟಿಯನ್ನು ಗಟ್ಟಿಯಾಗಿ, ಮೊದಲನೇ ಸಾಲಿನಿಂದ ಓದಿದರು. ಮೂವತ್ತೆಂಟನೇ ಸಾಲಿನಲ್ಲಿ ನಿಂತರು.

“‘ಮೊದಲ ಬಾರಿ ಚಾಲೂ ಮಾಡುವಾಗ ತೆರೆದ ಬಯಲಿನಲ್ಲಿ ಇಡಿ. ಅಲ್ಲಿನ ಗಾಳಿಯನ್ನೇ ಶುದ್ಧವೆಂದು ತೆಗೆದುಕೊಳ್ಳುತ್ತದೆ.’ ಇಲ್ಲಿದೆಯಮ್ಮ.”

“ನಾನು ಹದಿನೆಂಟಕ್ಕೆ ನಿಲ್ಲಿಸಿದ್ದೆ ಮೇಷ್ಟ್ರೇ.” ಕದಿರಮ್ಮ ನೆಲ ನೋಡುತ್ತ ಹೇಳಿದಳು. “ಅವನು ಜಿರಲೆ ಇಲ್ಲ ಅಂದ. ಇಳಿ ಅಂದೋಳು ನಾನು.”

“ನಾನು ಒಳಗೇ ಇದ್ದಿದ್ದರೆ ಆ ನೀಲಿ ಏನು ಅಂತ ಕೇಳ್ತಿದ್ದೆ. ಆಚೆ ಕೂತು ಸಿಹಿ ಪೊಂಗಲ್ ತಿಂತಿದ್ದೆ” ಎಂದರು ಮೇಷ್ಟ್ರು. “ಇರಲಿ. ರಿಪೇರಿ ಸುಲಭ. ಬೆಟ್ಟದ ಮೇಲೆ ಒಯ್ದು ಒಂದೇ ಒಂದು ಕಮ್ಯಾಂಡ್. ಅರ್ಧ ಗಂಟೆ ಕೆಲಸ.”

ಎಲ್ಲರೂ ಅವಳನ್ನೇ ನೋಡಿದರು. ಅರ್ಧ ಗಂಟೆ. ಮೂಗು ನಿಜ ಹೇಳತೊಡಗುತ್ತದೆ. ನಾಳೆ ಮತ್ತೆ ಹಸಿರು. ನಾಳೆ ಮತ್ತೆ ಹಗ್ಗ. ಆರನೇ ಆವೃತ್ತಿ ಬರುತ್ತದೆ, ಅದಕ್ಕೆ ಹೊಸ ಲೈಬ್ರರಿ ಬೇಕಾಗುತ್ತದೆ, ಇನ್ನಾರೋ ಇನ್ನಾವುದೋ ಸಾಲು ಓದದೆ ಬಿಡುತ್ತಾರೆ. ತಾನು ಹನ್ನೆರಡು ವರ್ಷ ಒಂದಕ್ಕೊಂದು ಹೊಂದಿಸಿ ತೇಪೆ ಹಾಕಿ ಹಾಕಿ ಓಡಿಸುತ್ತ ಬಂದದ್ದು ಯಾವುದನ್ನು?

“ಮೇಷ್ಟ್ರೇ, ಮೊದಲನೇ ಮೂಗು ಹೆಂಗಿತ್ತು? ನೀವು ಮಾಡಿದ್ದು?”

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. “ಕೆಂಪು ಒಂದೇ ಇತ್ತಮ್ಮ. ವಿಷ ಇದ್ದರೆ ಕೂಗಿಕೊಳ್ತಿತ್ತು. ಇಲ್ಲದಿದ್ದರೆ ಸುಮ್ಮನೆ ಇರ್ತಿತ್ತು, ಅಷ್ಟೆ. ಜೀವ ಉಳಿಸೋಕೆ ಮಾಡಿದ್ದು. ಮೂರನೇ ಆವೃತ್ತಿಲಿ ನಗರಸಭೆಯವರು ಹಸಿರು ಸೇರಿಸಿ ಅಂದ್ರು. ಒಂದು ದೀಪ ತಾನೆ ಅಂದ್ಕೊಂಡು ನಾವೇ ಸೇರಿಸಿಕೊಟ್ವಿ.” ಕನ್ನಡಕ ಮತ್ತೆ ಏರಿಸಿಕೊಂಡು ಹೇಳಿದರು, “ಒಂದು ದೀಪ ತಾನೆ ಅಂತ.”

ಕದಿರಮ್ಮ ಹಿಂದಿನ ಕೋಣೆಗೆ ಹೋಗಿ ಕೂತಳು. ಮೂಗಿನ ಹೊಟ್ಟೆ ಬಗೆದಳು. ಹಸಿರಿನ ಭಾಗ ಇನ್ನೂರು ಸಾಲೂ ಇರಲಿಲ್ಲ. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಓದಿದ್ದನ್ನು ಅಳಿಸಿದಳು. ಕಟ್ಟಲು ಒತ್ತಿದಳು. ಮುನ್ನೂರ ಹನ್ನೆರಡು ತಪ್ಪಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಕಾದಳು. ಒಂದೂ ಇಲ್ಲ. ಅವಳ ಜೀವಮಾನದಲ್ಲಿ ಮೊದಲ ಸಲ, ಒಂದೇ ಏಟಿಗೆ ಕಟ್ಟಿಕೊಂಡು ಎದ್ದು ಕೂತಿತು.

“ಅಯ್ಯೋ ಶನಿಯೇ, ಇದನ್ನ ಮೊದಲೇ ಮಾಡಿದ್ರೆ ಆಗ್ತಿರಲಿಲ್ವಾ” ಎಂದು ಬಾತುಕೋಳಿಗೆ ಬೈದಳು.

ಮಾರನೇ ದಿನ ಬೆಳಿಗ್ಗೆ ಸುಮುಖ್ ಸಂಘದ ಹಾಲಿಗೆ ಬಂದ. ಕೈಯಲ್ಲಿ ನೋಟಿಸು. ಅನುಮತಿಯಿಲ್ಲದೆ ಇಪ್ಪತ್ತನಾಲ್ಕು ಯಂತ್ರ ಸ್ಥಗಿತಗೊಳಿಸಿದ್ದಕ್ಕೆ ಕಾರಣ ಕೇಳಿ. ಅದು ಸಾಲದೆಂಬಂತೆ, “ಬೆಳಿಗ್ಗೆಯಿಂದ ಒಂದು ಗುಂಡಿಯೂ ಕ್ಲಿಯರ್ ಆಗಿಲ್ಲ. ಬಸ್‌ಸ್ಟ್ಯಾಂಡ್ ಹಿಂದೆ ಉಕ್ಕಿ ರಸ್ತೆಗೆ ಬಂದಿದೆ. ಮೂಗೆಲ್ಲ ಆನ್ ಇದೆ, ಸರ್ವರಿಗೆ ಸಿಗ್ತಿದೆ, ಗ್ರೀನ್ ಮಾತ್ರ ಬರ್ತಿಲ್ಲ. ಏನ್ ಮಾಡಿಟ್ಟಿದ್ದೀಯಮ್ಮ? ಹೊಂದಾಣಿಕೆ ಆಗ್ತಿಲ್ಲ ಅಂತ ಬರ್ತಿದೆ.”

ಅರವತ್ತು ಜನ ಕಾರ್ಮಿಕರೂ ಹಾಲಿನಲ್ಲಿದ್ದರು. ಇದು ಎಲ್ಲಿಗೆ ಹೋಗುತ್ತದೋ ಎಂದು ಅರ್ಧ ಜನರ ಮುಖದಲ್ಲಿ ಕಳವಳ. “ಹಸಿರು ಇಲ್ದಿದ್ರೆ ಕೆಲಸ ಇಲ್ಲ ಅಂತಾರೆ ಕದಿರಕ್ಕ” ಎಂದು ಬೆಳಗ್ಗೆಯೇ ಕೆಲವರು ಗೊಣಗಿದ್ದರು. “ಜೆಟ್ಟಿಂಗ್ ಗಾಡಿ ಓಡಿಸೋಕೂ ಆಳು ಬೇಕು” ಎಂದಷ್ಟೇ ಅಂದಿದ್ದಳು ಅವಳು. ಕಿತ್ತುಹಾಕಬಹುದು, ಜೈಲಿಗೂ ಹಾಕಬಹುದು. ಅದು ಅವಳಿಗೂ ಗೊತ್ತಿತ್ತು. ಹೊರಗಿನ ಕಂಪನಿಯಿಂದ ಹೊಸ ಮೂಗು ತರಿಸಬಹುದು, ಹೊಟ್ಟೆ ಬಗೆಯಲಾಗದ್ದು. ಅದು ಬರುವವರೆಗೆ ಊರಿನಲ್ಲಿ ಇರುವುದು ಈ ಇಪ್ಪತ್ತನಾಲ್ಕೇ.

“ಬದಲಾವಣೆ ಪಟ್ಟಿ ಬರೆದಿವ್ನಿ ಸಾರ್” ಎಂದಳು ಕದಿರಮ್ಮ. “ಓದ್ಕೊಳಿ.”

ಸುಮುಖ್ ಹಾಳೆ ತೆಗೆದುಕೊಂಡು ಕಣ್ಣಾಡಿಸಿದ.

“ಹಂಗಲ್ಲ ಸಾಹೇಬರೆ” ಎಂದರು ಜಬ್ಬಾರ್ ಮೇಷ್ಟ್ರು, ಕುರ್ಚಿ ತೋರಿಸುತ್ತ. “ಇಲ್ಲಿ ಒಂದು ನಿಯಮ ಇದೆ. ಗಟ್ಟಿಯಾಗಿ ಓದಬೇಕು. ಕೊನೇ ಸಾಲಿನ ತನಕ.”

ಅರವತ್ತು ಜೊತೆ ಕಣ್ಣು ಅವನ ಮೇಲಿದ್ದವು. ಅವನು ಕೂರಲಿಲ್ಲ, ನಿಂತೇ ಓದಿದ. ಶುದ್ಧ ಗಾಳಿಯನ್ನು ಮೂಗು ತಾನಾಗಿ ಊಹಿಸುವುದಿಲ್ಲ, ಮನುಷ್ಯರೇ ಹೇಳಬೇಕು. ಕೈಯಲ್ಲಿ ಕೆಂಪು ಮಾಡುವ ಬಟನ್ ವಾಪಸ್ಸು ಬಂದಿದೆ. ವಿಷವಿದ್ದರೆ ಮೂಗು ಕೂಗುತ್ತದೆ. ವಿಷ ಕಾಣದಿದ್ದರೆ ‘ಗೊತ್ತಿಲ್ಲ’ ಎನ್ನುತ್ತದೆ. ಓದುತ್ತ ಓದುತ್ತ ಅವನ ದನಿ ಸಣ್ಣದಾಗುತ್ತ ಬಂತು. ಹಾಳೆಯ ತಳಕ್ಕೆ ಬಂದು ತಡೆದ. ತಲೆ ಎತ್ತಿ ಕದಿರಮ್ಮನನ್ನು ನೋಡಿದ. ಆಮೇಲೆ ಓದಿದ, ಬರೀ ತುಟಿಯಲ್ಲಿ ಎಂಬಂತೆ:

“‘ಮನುಷ್ಯ ಇಳಿಯಬಹುದು ಎಂದು ಹೇಳುವ ಭಾಗವನ್ನು ತೆಗೆದುಹಾಕಲಾಗಿದೆ.’”

ಗೋಡೆಗೊರಗಿ ಕೂತಿದ್ದ ಓಬಳೇಶ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಎದ್ದು ನಿಂತ.

“ಹಿಂದ್ಗಡೆಯೋರಿಗೆ ಕೇಳಿಸ್ಲಿಲ್ಲ ಸಾರ್” ಎಂದ. “ಇನ್ನೊಂದ್ಸಲ ಓದಿ.”